ಕಡ್ಡಾಯವಿಲ್ಲದ ಸೇನೆಗೆ ಕಡ್ಡಾಯದ ಸಿದ್ಧತೆ

ನಸುಕಿನ ನಾಲ್ಕೂವರೆಗೆ ಕಲಬುರಗಿಯ ನಮ್ಮ ಮನೆಯ ಬಾಗಿಲ ಚಿಲಕ ಸದ್ದು ಮಾಡುತ್ತದೆ. ತಮ್ಮನ ಮೊಮ್ಮಗ ಬೂಟಿನ ದಾರ ಬಿಗಿದುಕೊಂಡು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆಗೆ ಹೊರಡುತ್ತಾನೆ. ಕಮಲಾಪುರದ ಹುಡುಗ, ವಯಸ್ಸು ಹತ್ತೊಂಬತ್ತು. ಪಿಯುಸಿ ಮುಗಿಸಿ, ಸೇನಾ ಭರ್ತಿಗೆ ಸಿದ್ಧನಾಗಲೆಂದು ನಮ್ಮಲ್ಲಿಗೆ ಬಂದು ಆರು ತಿಂಗಳಾಯಿತು. ‘ಮುತ್ಯಾ, ಐದೂವರೆ ನಿಮಿಷದಾಗ ಮುಗಸಬೇಕು. ಇನ್ನಾ ಹದಿನೆಂಟು ಸೆಕೆಂಡ್ ಕಮ್ಮಿ ಮಾಡೋದದ’ ಎನ್ನುತ್ತಾನೆ. ಅವನ ಬದುಕೆಲ್ಲ ಸದ್ಯಕ್ಕೆ ಆ ಹದಿನೆಂಟು ಸೆಕೆಂಡುಗಳಲ್ಲಿ ಅಡಗಿದೆ.

ನಮ್ಮ ದೇಶದಲ್ಲಿ ಸೈನಿಕ ಸೇವೆ ಕಡ್ಡಾಯವಲ್ಲ. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸುವ ಅಧಿಕಾರವನ್ನು ಸಂವಿಧಾನದ 23(2)ನೇ ವಿಧಿ ಸರ್ಕಾರಕ್ಕೆ ಕೊಟ್ಟಿದೆ. ಹಾಗೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗಗಳ ಭೇದ ಮಾಡಕೂಡದೆಂದೂ ಹೇಳಿದೆ. ಆದರೂ ಸ್ವತಂತ್ರ ಭಾರತ ತನ್ನ ಯುವಕರನ್ನು ಬಲವಂತವಾಗಿ ಸೇನೆಗೆ ಸೇರಿಸಿಲ್ಲ. ದಕ್ಷಿಣ ಕೊರಿಯಾದ ಯುವಕ ಭೂಸೇನೆಯಲ್ಲಿ 18 ತಿಂಗಳು, ಸಿಂಗಪುರದ ಯುವಕ ಎರಡು ವರ್ಷ ದುಡಿಯಲೇಬೇಕು. 2010ರಲ್ಲಿ ಕಡ್ಡಾಯ ಸೇವೆಯನ್ನು ಕೈಬಿಟ್ಟಿದ್ದ ಸ್ವೀಡನ್, ಅದನ್ನು ಮರಳಿ ತರಲು 2017ರಲ್ಲಿ ತೀರ್ಮಾನಿಸಿತು. ನಮ್ಮಲ್ಲಿಯೂ ಅಂಥ ಕಾನೂನು ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ.

ಕಡ್ಡಾಯದ ರುಚಿಯನ್ನು ನನ್ನ ತಲೆಮಾರು ಅಷ್ಟಿಷ್ಟು ಕಂಡಿದೆ. ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. 1966ರಲ್ಲಿ ನಾನು ಗುಲಬರ್ಗಾದಲ್ಲಿ ಕಾಲೇಜು ಸೇರಿದಾಗ ಖಾಕಿ ತೊಟ್ಟು ಕವಾಯತಿಗೆ ನಿಲ್ಲಲೇಬೇಕಾಗಿತ್ತು. ಹಾಜರಿಗಾಗಿ ಬಂದವರೇ ನಮ್ಮಲ್ಲಿ ಹೆಚ್ಚು. ಜ್ವರದ ನೆಪ, ಊರ ಜಾತ್ರೆಯ ನೆಪ ಹೇಳಿ ತಪ್ಪಿಸಿಕೊಂಡವರಲ್ಲಿ ನಾನೂ ಒಬ್ಬ. 1968ರಲ್ಲಿ ಅದು ಮತ್ತೆ ಐಚ್ಛಿಕವಾದಾಗ ನಿಟ್ಟುಸಿರು ಬಿಟ್ಟೆವು. ಅಂದು ನಾನು ಯಾವುದರಿಂದ ತಪ್ಪಿಸಿಕೊಂಡೆನೋ ಅದಕ್ಕಾಗಿಯೇ ಈ ಹುಡುಗ ಇಂದು ನಿದ್ದೆಗೆಡುತ್ತಿದ್ದಾನೆ. ಅವನ ಮುಂದೆ ದೇಶಪ್ರೇಮದ ಕುರಿತು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಡಿ ಅವನು ಅಗ್ನಿವೀರನಾಗಬೇಕಾಗಿದೆ. ಮೊದಲು ಕಂಪ್ಯೂಟರಿನ ಮುಂದೆ ಕುಳಿತು ಲಿಖಿತ ಪರೀಕ್ಷೆ ಪಾಸಾಗಬೇಕು. 2025ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶ ದೊರೆತದ್ದು ನಮ್ಮ ಹಳ್ಳಿಯ ಮಕ್ಕಳಿಗೆ ದೊಡ್ಡ ಆಸರೆ. ಅನಂತರ ರ‍್ಯಾಲಿ. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಿದರೆ 60 ಅಂಕ. ಅಡ್ಡಪಟ್ಟಿಗೆ ಜೋತು ಹತ್ತು ಸಲ ಮೈಯನ್ನು ಮೇಲೆತ್ತಿದರೆ 40 ಅಂಕ. ಒಂಬತ್ತು ಅಡಿ ಅಗಲದ ಹಳ್ಳವನ್ನು ಜಿಗಿಯಬೇಕು. ಬಳಿಕ ವೈದ್ಯಕೀಯ ತಪಾಸಣೆ. ಇಷ್ಟೆಲ್ಲ ಗೆದ್ದವನೂ ಚಪ್ಪಟೆ ಪಾದದ ಕಾರಣಕ್ಕೆ ಮನೆಗೆ ಮರಳಬೇಕಾಗಬಹುದು. ಕಲಬುರಗಿ ಜಿಲ್ಲೆ ಬೆಳಗಾವಿಯ ಸೇನಾ ಭರ್ತಿ ಕಚೇರಿಯ ವ್ಯಾಪ್ತಿಗೆ ಸೇರಿದೆ. ರ‍್ಯಾಲಿ ಎಲ್ಲಿ ನಡೆಯುವುದೋ ಅಲ್ಲಿಗೆ ಹಿಂದಿನ ರಾತ್ರಿಯೇ ತಲುಪಿ, ಜಾತಿ, ವಾಸಸ್ಥಳ, ನಡತೆಯ ಪ್ರಮಾಣಪತ್ರಗಳ ಕಟ್ಟು ಹಿಡಿದು ಸಾಲಿನಲ್ಲಿ ನಿಲ್ಲಬೇಕು.

ಅವನು ಊರು ಬಿಟ್ಟು ಇಲ್ಲಿಗೆ ಬಂದದ್ದೇಕೆ? ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಆದರೆ ಅಲ್ಲಿ ಅವನು ಓಡುತ್ತಿದ್ದುದು ಹುಮನಾಬಾದ್ ಹೆದ್ದಾರಿಯ ಅಂಚಿನಲ್ಲಿ. ಮಳೆಗಾಲದಲ್ಲಿ ಎರೆಭೂಮಿ ಕಾಲಿಗೆ ಅಂಟುತ್ತದೆ, ಹೊಲದ ದಾರಿಯಲ್ಲಿ ಓಡಲಾಗದು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಹೊರಗೆ ಕಾಲಿಡಲಾಗದು. ಉಳಿದದ್ದು ಲಾರಿಗಳು ಭರ‍್ರನೆ ಹಾಯುವ ಹೆದ್ದಾರಿಯ ನಸುಕು ಮಾತ್ರ. ತಂದೆ ಮೋಟರ್‌ಸೈಕಲ್ಲಿನ ದೀಪ ಹೊತ್ತಿಸಿಕೊಂಡು ಮಗನ ಬೆನ್ನಹಿಂದೆ ಮೆಲ್ಲಗೆ ಬರುತ್ತಿದ್ದ, ಲಾರಿಯವರಿಗೆ ಹುಡುಗ ಕಾಣಲೆಂದು.

ಆ ತಂದೆಗೆ ಮಗ ಸೇನೆಗೆ ಹೋಗುವುದು ಪೂರ್ತಿ ಮನಸ್ಸಿಲ್ಲ. ಮೂರು ಎಕರೆ ತೊಗರಿ ಹೊಲ, ಒಬ್ಬನೇ ಮಗ. ಕಳೆದ ತಿಂಗಳು ಬಂದಾಗ ಕೇಳಿದ: ‘ದೊಡ್ಡಪ್ಪಾ, ನಾಕು ವರ್ಷ ಆದ ಮ್ಯಾಲ ಮನಿಗಿ ಕಳಸಿದ್ರ ಏನ್ ಮಾಡಬೇಕ್ರಿ?’

ಕಾಗದ ತೆಗೆದು ಲೆಕ್ಕ ಬರೆದು ತೋರಿಸಿದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಬರುವುದು 21,000. ಉಳಿದ ಶೇ 30ರಷ್ಟು ಸೇವಾನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಣ ಸೇರಿಸುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ. ಪಿಂಚಣಿ ಇಲ್ಲ. ಸೇನೆಯಲ್ಲಿ ಕಾಯಂ ಆಗಿ ಉಳಿಯಲು ಅವಕಾಶ ಯೋಜನೆಯ ಪ್ರಕಾರ ಶೇ 25ರಷ್ಟು ಮಂದಿಗೆ ಮಾತ್ರ. ಅವನು ಕಾಗದವನ್ನು ಬಹಳ ಹೊತ್ತು ನೋಡಿ, ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡ. ಮೂರು ಎಕರೆ ತೊಗರಿ ನಾಲ್ಕು ವರ್ಷದಲ್ಲಿ ಅಷ್ಟು ಹಣ ಕೈಗೆ ಕೊಡದೆಂಬುದು ಅವನಿಗೂ ಗೊತ್ತು. ಇಪ್ಪತ್ನಾಲ್ಕರ ಹರೆಯದಲ್ಲಿ ನಿರುದ್ಯೋಗಿಯಾಗಿ ಮರಳುವ ಮಗನ ಮುಖವೂ ಅವನ ಕಣ್ಣೆದುರಿಗಿದೆ.

ಕಡ್ಡಾಯ ಸೇವೆಯ ಪರವಾಗಿ ವಾದಿಸುವವರು ಯೋಚಿಸಬೇಕಾದದ್ದು ಇಲ್ಲಿಯೇ. ಕಾನೂನಿನ ಕಡ್ಡಾಯವಾದರೆ ಶ್ರೀಮಂತನ ಮಗನೂ ಬಡವನ ಮಗನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬದುಕಿನ ಕಡ್ಡಾಯ ಹಾಗಲ್ಲ. ಅದು ಕಮಲಾಪುರದಂಥ ಊರುಗಳ ಮನೆಗಳನ್ನೇ ಹುಡುಕಿಕೊಂಡು ಬರುತ್ತದೆ. ಹುಡುಗನಿಗೆ ದೇಶದ ಮೇಲೆ ಪ್ರೀತಿಯಿಲ್ಲವೆಂದಲ್ಲ. ಸಮವಸ್ತ್ರದ ಆಸೆ ಅವನಿಗೆ ಚಿಕ್ಕಂದಿನಿಂದಲೂ ಇದೆ. ಆದರೆ ಪ್ರೀತಿಯಿಂದ ಬರುವವನು ಬರಿಗೈಯಲ್ಲಿ ಮರಳಬಾರದಲ್ಲವೇ?

ಒತ್ತಾಯಿಸಿ ಸೇರಿಸಿಕೊಳ್ಳದ ಸರ್ಕಾರಕ್ಕೂ ಕೆಲವು ಕರ್ತವ್ಯಗಳಿವೆ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಅಳತೆ ಮಾಡಿದ ಒಂದು ಓಟದ ಮೈದಾನ, ರಾತ್ರಿ ಕಳೆಯುವ ಮುನ್ನ ಉರಿಯುವ ನಾಲ್ಕು ದೀಪ ಇರಲಿ. ವರ್ಷಗಟ್ಟಲೆ ಬೆವರು ಸುರಿಸುವ ಮೊದಲೇ ಕಣ್ಣು, ಪಾದ, ಮೊಣಕಾಲುಗಳ ದೋಷವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ತಿಳಿಸಲಿ. ಮರಳಿ ಬಂದವರಿಗೆ ಉದ್ಯೋಗದ ದಾರಿ ಸ್ಪಷ್ಟವಾಗಲಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ 10ರಷ್ಟು ಮೀಸಲಾತಿಯನ್ನು 2022ರಲ್ಲಿಯೇ ಘೋಷಿಸಲಾಯಿತು. ಮೊದಲ ತಂಡದ ತರಬೇತಿ ಆರಂಭವಾದದ್ದು 2023ರ ಜನವರಿಯ ಹೊತ್ತಿಗೆ. ಅವರ ನಾಲ್ಕು ವರ್ಷ ತುಂಬುವುದು 2027ರ ಆರಂಭಕ್ಕೆ. ಘೋಷಣೆಯ ನಿಜವಾದ ಬೆಲೆ ತಿಳಿಯುವುದು ಆ ಯುವಕರು ಊರಿಗೆ ಮರಳಿದಾಗ.

ಹುಡುಗನಿಗೆ ನಾನು ಒಂದೇ ಷರತ್ತು ಹಾಕಿದ್ದೇನೆ. ಆಯ್ಕೆಯಾದರೂ ಓದು ನಿಲ್ಲಿಸಬಾರದು. ಅಗ್ನಿವೀರರಿಗೆಂದೇ ಇಗ್ನೊ ರೂಪಿಸಿರುವ ಪದವಿಯನ್ನು ಸೇವೆಯಲ್ಲಿದ್ದುಕೊಂಡೇ ಪೂರೈಸಬೇಕು. ಒಪ್ಪಿದ್ದಾನೆ. ಹೋದ ಭಾನುವಾರ ಅವನ ತಂದೆ ಕಮಲಾಪುರದಿಂದ ಬಾಳೆಗೊನೆಯ ಜೊತೆಗೆ ಒಂದು ಜೊತೆ ಹೊಸ ಬೂಟು ತಂದಿದ್ದ. ಹೋಗು ಎಂದಾಗಲೀ ಬೇಡವೆಂದಾಗಲೀ ಅವನು ಹೇಳಲಿಲ್ಲ. ಮರುದಿನ ನಸುಕಿಗೆ ಮಗನ ಸಂಗಡ ಕ್ರೀಡಾಂಗಣಕ್ಕೆ ಹೋಗಿ, ಗಡಿಯಾರ ಹಿಡಿದು ನಿಂತಿದ್ದನಂತೆ. ಇನ್ನು ಉಳಿದಿರುವುದು ಹದಿಮೂರು ಸೆಕೆಂಡು.