ಚಿತ್ರವನ್ನು ಕೇಳುವ ಬಗೆ

ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ಹುಡುಗರಿಗೆಲ್ಲ ತಿಳಿದ ವಿಷಯವೊಂದುಂಟು: ರೂಪವೆಂಬ ಗುಣವನ್ನು ಕಣ್ಣೊಂದೇ ಗ್ರಹಿಸಬಲ್ಲದು, ಶಬ್ದವನ್ನು ಕಿವಿಯೊಂದೇ. ನಾನೂ ಹಾಗೆಯೇ ಕಲಿತು ಹಾಗೆಯೇ ಕಲಿಸಿದವನು. ಹೀಗಿರಲಾಗಿ, ಚಿತ್ರವನ್ನು ಧ್ವನಿಯನ್ನಾಗಿ ಮಾರ್ಪಡಿಸುವ ತಂತ್ರಾಂಶಗಳುಂಟೆಂದೂ, ಅವು ಕಾಸಿನ ಖರ್ಚಿಲ್ಲದೆ ದೊರೆಯುವುವೆಂದೂ ಕೇಳಿದಾಗ ನನಗೆ ನಂಬಿಕೆ ಹುಟ್ಟಲಿಲ್ಲ. ತಳ್ಳಿಹಾಕಲೂ ಮನಸ್ಸು ಬರಲಿಲ್ಲ. ನಮ್ಮ ಶಾಲೆಯಲ್ಲಿ ಚಿತ್ರಕಲೆಯ ಉಪಾಧ್ಯಾಯರಾಗಿದ್ದ ನನ್ನ ಮಿತ್ರರೊಬ್ಬರ ದೃಷ್ಟಿಯನ್ನು ಗ್ಲಾಕೋಮಾ ರೋಗವು ನಾಲ್ಕು ವರ್ಷಗಳ ಹಿಂದೆ ಪೂರ್ತಿಯಾಗಿ ಕಸಿದುಕೊಂಡಿತ್ತು.

ಈ ಯೋಚನೆಯೇನೋ ಹಳೆಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಫೂರ್ನಿಯೆ ದಾಲ್ಬ್ ಎಂಬ ವಿಜ್ಞಾನಿಯು 1912ರಿಂದ 1914ರವರೆಗಿನ ಅವಧಿಯಲ್ಲಿ ಆಪ್ಟೋಫೋನ್ ಎಂಬ ಯಂತ್ರವನ್ನು ರಚಿಸಿದನು. ಬೆಳಕು ಬಿದ್ದಾಗ ಸೆಲೀನಿಯಮ್ ಎಂಬ ಧಾತುವಿನಲ್ಲಿ ವಿದ್ಯುತ್ತು ಹೆಚ್ಚು ಸಲೀಸಾಗಿ ಹರಿಯುತ್ತದೆ. ಆ ಗುಣವನ್ನೇ ಹಿಡಿದು ಅಚ್ಚಿನ ಅಕ್ಷರಗಳಿಂದ ಸ್ವರಗಳನ್ನು ಹೊರಡಿಸಿದನು. 1918ರಲ್ಲಿ ಮೇರಿ ಜೇಮ್ಸನ್ ಎಂಬ ಅಂಧ ಮಹಿಳೆಯು ಅದರ ಸಹಾಯದಿಂದ ಓದಿ ತೋರಿಸಿದಳು. ವೇಗವು ನಿಮಿಷಕ್ಕೆ ಒಂದು ಪದ! ಆಕೆಯ ತಾಳ್ಮೆಯನ್ನು ವಾಚಕರೇ ಊಹಿಸಿಕೊಳ್ಳಬೇಕು.

ಈಗ ನಮಗೆ ದೊರೆತಿರುವುದು ‘ವಾಯ್ಸ್’ ಎಂಬ ತಂತ್ರಾಂಶ. ನೆದರ್ಲೆಂಡ್ಸ್ ದೇಶದ ಪೀಟರ್ ಮೇಯರ್ ಎಂಬ ವಿಜ್ಞಾನಿಗಳು ಇದರ ಕ್ರಮವನ್ನು 1992ರಲ್ಲಿ ಪ್ರಕಟಿಸಿದರು. ಗಣಕಯಂತ್ರದಲ್ಲಿಯೂ ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಇದನ್ನು ವಿನಾಮೂಲ್ಯವಾಗಿ ಹಾಕಿಕೊಳ್ಳಬಹುದು. ಕ್ಯಾಮರಾ ಹಿಡಿದ ದೃಶ್ಯವನ್ನು ಇದು, ನಾವು ಕನ್ನಡವನ್ನು ಓದುವಂತೆ, ಎಡದಿಂದ ಬಲಕ್ಕೆ ಸುಮಾರು ಒಂದು ಸೆಕೆಂಡಿನಲ್ಲಿ ಓದಿ ಮುಗಿಸಿ ಮತ್ತೆ ಮೊದಲಿಗೆ ಬರುತ್ತದೆ. ಮೇಲಿರುವುದಕ್ಕೆ ತಾರಸ್ವರ, ಕೆಳಗಿರುವುದಕ್ಕೆ ಮಂದ್ರ. ಬೆಳಕು ಹೆಚ್ಚಿದಷ್ಟೂ ಧ್ವನಿ ಜೋರು, ಕತ್ತಲೆಯೆಂದರೆ ಮೌನ. ಮೂಲಯಂತ್ರದಲ್ಲಿ ಚಿತ್ರವನ್ನು ಅಡ್ಡಲಾಗಿ 64, ಉದ್ದಕ್ಕೆ 64 ಸಾಲುಗಳ ಮನೆಗಳಾಗಿ ಒಡೆದು, ಬೆಳಕಿಗೆ 16 ಮೆಟ್ಟಿಲುಗಳನ್ನು ಗೊತ್ತುಮಾಡಿದ್ದರು. ಓರೆಯಾಗಿ ಮೇಲೇರುವ ಗೆರೆಯು ವೀಣೆಯ ಜಾರಿನಂತೆ ಕೇಳಿಸುತ್ತದೆ. ಕಿಟಕಿಯ ಸರಳುಗಳು ತಾಳ ಹಾಕುತ್ತವೆ.

ಸಂಗೀತದ ಹವ್ಯಾಸವುಳ್ಳವರಿಗೆ ಬೇರೆಯದೊಂದಿದೆ. ರಷ್ಯದ ಮುರ್ಜಿನ್ ಎಂಬ ಎಂಜಿನಿಯರನು, ಕಪ್ಪು ಲೇಪ ಹಚ್ಚಿದ ಗಾಜಿನ ಮೇಲೆ ಗೀಚಿದ ಚಿತ್ರವನ್ನೇ ನುಡಿಸುವ ‘ಎ.ಎನ್.ಎಸ್.’ ಎಂಬ ವಾದ್ಯವನ್ನು ಮಾಡಿದ್ದನು. 1972ರ ‘ಸೊಲಾರಿಸ್’ ಚಲಚ್ಚಿತ್ರದ ಸಂಗೀತದಲ್ಲಿ ಅದರ ಧ್ವನಿಯಿದೆ. ‘ವರ್ಚುವಲ್ ಎ.ಎನ್.ಎಸ್.’ ಎಂಬ ತಂತ್ರಾಂಶವು ಅದನ್ನು ಅನುಕರಿಸುತ್ತದೆ. ನಮ್ಮ ಮನೆಯ ಮಕ್ಕಳು ಅದರಲ್ಲಿ ಬೆಕ್ಕಿನ ಚಿತ್ರವನ್ನು ನುಡಿಸಿ ನಕ್ಕರು. ನಾದವು ಬೆಕ್ಕಿನದಂತಂತೂ ಇರಲಿಲ್ಲ.

ಮಿತ್ರರ ಮನೆಯಲ್ಲಿ ಮೊದಲ ದಿನ ಆದುದು ನಿರಾಶೆಯೇ. ಮೊಬೈಲನ್ನು ಕೋಣೆಯತ್ತ ತಿರುಗಿಸಿದೊಡನೆ ಮೇಜು, ಕುರ್ಚಿ, ಕ್ಯಾಲೆಂಡರು, ಒಣಹಾಕಿದ ಬಟ್ಟೆ ಎಲ್ಲವೂ ಒಮ್ಮೆಲೇ ಕಿರಿಚಿದವು. “ಇದೇನು ಮೇಷ್ಟ್ರೇ, ಸಂತೆಯಲ್ಲಿ ನಿಲ್ಲಿಸಿದಿರಲ್ಲ!” ಎಂದು ಅವರು ಇಯರ್‌ಫೋನನ್ನು ಕಿತ್ತಿಟ್ಟರು. ತಪ್ಪು ನನ್ನದು. ಕಾಗುಣಿತ ಬಾರದವನ ಮುಂದೆ ಕಾವ್ಯವನ್ನು ಬಿಚ್ಚಿಟ್ಟಿದ್ದೆನು. ಮರುದಿನ ಕರಿಹಲಗೆಯೊಂದನ್ನು ಗೋಡೆಗೆ ಒರಗಿಸಿ, ಮೊಬೈಲನ್ನು ಎದುರಿಗೆ ನಿಲ್ಲಿಸಿ, ಸೀಮೆಸುಣ್ಣದಿಂದ ಒಂದೇ ಒಂದು ಗೆರೆಯೆಳೆದೆನು. ಹಲಗೆ ಮೌನ, ಗೆರೆ ಸ್ವರ. ಆಲಿಸಿದವರೇ, “ಮೇಲೇರಿತು, ಕೊನೆಯಲ್ಲಿ ಸ್ವಲ್ಪ ಬಾಗಿದೆ. ನಿಮ್ಮ ಕೈ ಮೊದಲಿನಿಂದಲೂ ಹಾಗೆಯೇ” ಎಂದರು. ನೋಡಿದೆನು, ಬಾಗಿತ್ತು.

ಹಾಗಾದರೆ ತರ್ಕಸಂಗ್ರಹವು ಸುಳ್ಳಾಯಿತೆ? ಸುಳ್ಳಾಗಲಿಲ್ಲವೆಂದೇ ನನ್ನ ಮತ. ಅಲ್ಲಿ ರೂಪವೆಂದರೆ ಬಿಳುಪು, ಕಪ್ಪು ಮುಂತಾದ ಬಣ್ಣವೇ ಹೊರತು ಆಕಾರವಲ್ಲ. ಆಕಾರವನ್ನು ಕೈಯೂ ತಿಳಿಯುತ್ತದೆ. 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ಕಣ್ಣಿನಿಂದಲೂ ಸ್ಪರ್ಶದಿಂದಲೂ ಆಕಾರವನ್ನು ಗುರುತಿಸುವ ಮಿದುಳಿನ ಭಾಗವೇ, ಈ ಧ್ವನಿಗಳಲ್ಲಿ ಪಳಗಿದವರಲ್ಲಿ ಕೇಳುವಾಗಲೂ ಕೆಲಸಮಾಡುವುದೆಂದು ತೋರಿಸಿತು. ಬಣ್ಣವನ್ನಾದರೋ ತಂತ್ರಾಂಶವು ಹೆಸರು ಹೇಳಿ ತಿಳಿಸುತ್ತದೆ. ಅದು ಶಬ್ದಪ್ರಮಾಣ; ಪ್ರತ್ಯಕ್ಷವಲ್ಲ. ಮಿತ್ರರು ಈ ವಾದವನ್ನು ಕೇಳಿ, “ಕೆಂಪನ್ನು ನಾನು ನೆನಪಿನಲ್ಲಿಟ್ಟುಕೊಂಡಿದ್ದೇನೆ, ಬಿಡಿ” ಎಂದರು. ನಾನು ವಾದವನ್ನು ಅಲ್ಲಿಗೇ ಬಿಟ್ಟೆನು.

ಇದನ್ನು ದಿವ್ಯದೃಷ್ಟಿಯೆಂದು ಯಾರೂ ಭ್ರಮಿಸಬಾರದು. ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅರ್ಧ ಗಂಟೆಗೇ ತಲೆ ಬಳಲುತ್ತದೆ. ಅದಕ್ಕಿಂತ ಮುಖ್ಯವಾದುದು, ಅಂಧರಿಗೆ ಬೀದಿಯಲ್ಲಿ ಕಿವಿಯೇ ಕಾವಲುಗಾರ. ಬರುವ ಬಸ್ಸಿನ ಸದ್ದನ್ನು ಮರೆಮಾಡುವ ಯಾವ ಸ್ವರವೂ ಅಲ್ಲಿ ಸಲ್ಲದು. ಕಿವಿಯನ್ನು ಮುಚ್ಚದೆ ಕೆನ್ನೆಯ ಎಲುಬಿನ ಮೂಲಕ ಕೇಳಿಸುವ ಸಾಧನಗಳಿದ್ದರೂ ನಮ್ಮವರು ಊರುಗೋಲನ್ನೇ ನಂಬಿದ್ದಾರೆ. ವಾಯ್ಸ್ ಏನಿದ್ದರೂ ಮನೆಯೊಳಗೆ.

ಮೂರನೆಯ ವಾರ ನಾನು ಹೋದಾಗ ಹಲಗೆಯ ಮುಂದೆ ಅವರೇ ನಿಂತಿದ್ದರು. ಗೆರೆಯೆಳೆದು, ಪಕ್ಕಕ್ಕೆ ಸರಿದು, ಕೇಳಿ, ಅಳಿಸಿ, ಪುನಃ ಎಳೆಯುತ್ತಿದ್ದರು. ಹಲಗೆಯ ಮೇಲೆ ಒಂದು ತಂಬಿಗೆಯ ಎಡಮಗ್ಗುಲು ಮೂಡಿತ್ತು. ಬಲಮಗ್ಗುಲು ಇನ್ನೂ ಕೂಡಿಬಂದಿರಲಿಲ್ಲ. ಹೆಜ್ಜೆಯ ಸಪ್ಪಳದಿಂದಲೇ ನನ್ನನ್ನು ಗುರುತಿಸಿ, “ಸೀಮೆಸುಣ್ಣ ಮುಗಿಯುತ್ತ ಬಂತು, ಮೇಷ್ಟ್ರೇ, ನಾಳೆ ಬರುವಾಗ ಒಂದು ಡಬ್ಬಿ ತನ್ನಿ” ಎಂದರು.