ಒಂದೇ ಹೆಸರು, ಹಲವು ಬಾಗಿಲು

ಪಿಯುಸಿ ಮುಗಿಯಿತೆಂದರೆ ಅಮಾಸೆಬೈಲು, ರಟ್ಟಾಡಿ, ಮಚ್ಚಟ್ಟಿನಂಥ ಘಟ್ಟದ ಬುಡದ ಊರುಗಳ ಮನೆಗಳಲ್ಲಿ ಮಳೆಗಾಲದ ಜೊತೆಗೇ ಇನ್ನೊಂದು ಗಡಿಬಿಡಿ ಶುರು. ಮಣಿಪಾಲವೋ, ಸುರತ್ಕಲ್ಲೋ, ಬೆಂಗಳೂರೋ, ಅಂತೂ ಮಕ್ಕಳು ಹಾಸ್ಟೆಲ್ ಸೇರಬೇಕು. ಮನೆಮನೆಗೆ ಸೌರದೀಪ ಹಾಕಿಸಿಕೊಂಡು ರಾಜ್ಯದಲ್ಲೇ ಹೆಸರಾದ ಈ ಪಂಚಾಯತಿಯ ಜನರಿಗೆ ಹೊಸ ತಂತ್ರಜ್ಞಾನವೆಂದರೆ ಅಂಜಿಕೆಯೇನೂ ಇಲ್ಲ. ಆದರೂ ಹಾಸ್ಟೆಲಿನಿಂದ ಮಗ ಫೋನು ಮಾಡಿ, "ಇಲ್ಲಿ ವೈಫೈ ಇತ್ತ್, ಆದ್ರೆ ರಿಜಿಸ್ಟರ್ ನಂಬರು, ಪಾಸ್‌ವರ್ಡು ಹಾಕ್ದೆ ಬಿಡುದಿಲ್ಲ" ಎಂದರೆ ಅಪ್ಪ ಕೇಳುವುದು ಸಹಜ: "ಫೀಸ್ ಕಟ್ಟಿ ಆಯ್ತಲ್ಲ ಮಾಣಿ, ಮತ್ತೆಂತಕೆ ಹೆಸ್ರು ಕೇಂಬುದು?"

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಪ್ರತಿ ವಿದ್ಯಾರ್ಥಿಯೂ, ಫೀಸು ಕಟ್ಟುವ ಪ್ರತಿ ತಂದೆತಾಯಿಯೂ ತಿಳಿದಿರಬೇಕಾದದ್ದು.

ದೊಡ್ಡ ಕಾಲೇಜಿಗೆ ಹತ್ತು ಗೇಟುಗಳಿವೆ ಎಂದುಕೊಳ್ಳಿ. ಪ್ರತಿ ಗೇಟಿನ ವಾಚ್‌ಮನ್ ಕೈಯಲ್ಲೂ ವಿದ್ಯಾರ್ಥಿಗಳ ಪಟ್ಟಿಯ ಒಂದೊಂದು ಪ್ರತಿ. ಒಬ್ಬ ಹುಡುಗ ಕಾಲೇಜು ಬಿಟ್ಟರೆ ಹತ್ತೂ ಪಟ್ಟಿಯಲ್ಲಿ ಹೆಸರು ಹೊಡೆಯಬೇಕು. ಒಂದರಲ್ಲಿ ಮರೆತರೆ ಆ ಗೇಟಿನಿಂದ ಅವನು ಒಳಗೆ! ಗೋಡೆಗೆ ಚೀಟಿ ಅಂಟಿಸಿ ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್ ಕೊಡುವುದು ಇದಕ್ಕಿಂತಲೂ ಕಡೆ. ಅಲ್ಲಿ ಪಟ್ಟಿಯೇ ಇಲ್ಲ. ಚೀಟಿ ಓದಿದವರೆಲ್ಲ ಕಾಲೇಜಿನವರೇ.

ಈಗಿನ ವ್ಯವಸ್ಥೆಯಲ್ಲಿ ಪಟ್ಟಿ ಒಂದೇ, ಅದು ಆಫೀಸಿನಲ್ಲಿ. ವಾಚ್‌ಮನ್ ತಾನಾಗಿ ಯಾರನ್ನೂ ಬಿಡುವುದಿಲ್ಲ, ತಡೆಯುವುದೂ ಇಲ್ಲ. ಪ್ರತಿ ಬಾರಿ ಆಫೀಸಿಗೆ ಕೇಳುತ್ತಾನೆ. ಹಾಸ್ಟೆಲ್ ಓಣಿಯ ಮಾಡಿಗೆ ತೂಗುಹಾಕಿದ ವೈಫೈ ಪೆಟ್ಟಿಗೆಯೇ ಆ ವಾಚ್‌ಮನ್. ಅದು ಕೇಳುವುದು 'ರೇಡಿಯಸ್' ಎಂಬ ಸರ್ವರನ್ನು. ರೇಡಿಯಸ್ ನೋಡುವುದು ಸಂಸ್ಥೆಯ ಎಲ್ಲರ ಹೆಸರಿರುವ 'ಡೈರೆಕ್ಟರಿ' ಎಂಬ ಪುಸ್ತಕವನ್ನು. 'ಹೌದು' ಎಂಬ ಉತ್ತರ ಬರುವ ತನಕ ನಿಮ್ಮ ಫೋನಿಗೆ ಒಂದು ಪುಟವೂ ತೆರೆಯದು. ಈ ನಿಯಮಕ್ಕೆ 802.1ಎಕ್ಸ್ ಎಂದು ಹೆಸರು. ಇದು 2001ರಲ್ಲಿ ಮಾನದಂಡವಾಗಿ ಬಂತು. ರೇಡಿಯಸ್ ಇನ್ನೂ ಹಳೆಯದು. ಅಮೆರಿಕದ ಮಿಷಿಗನ್‌ನ ಮೆರಿಟ್ ಸಂಸ್ಥೆಗೆ ಬೇಕೆಂದು ಲಿವಿಂಗ್‌ಸ್ಟನ್ ಎಂಬ ಕಂಪನಿ 1991ರಲ್ಲಿ ರೂಪಿಸಿದ್ದು. ಟೆಲಿಫೋನ್ ತಂತಿಯಲ್ಲಿ ಕಿರುಗುಟ್ಟುತ್ತ ಸಂಪರ್ಕ ಪಡೆಯುತ್ತಿದ್ದ ಕಾಲದ ಆ ಏರ್ಪಾಟು ಇಂದಿಗೂ ದುಡಿಯುತ್ತಿದೆ ಎಂಬುದೇ ಅಚ್ಚರಿ. ಡೈರೆಕ್ಟರಿಯನ್ನು ಓದುವ 'ಎಲ್‌ಡಿಎಪಿ' ಎಂಬ ಕ್ರಮ ಹುಟ್ಟಿದ್ದೂ ಮಿಷಿಗನ್ ವಿಶ್ವವಿದ್ಯಾಲಯದಲ್ಲೇ, 1993ರಲ್ಲಿ.

ಆಫೀಸು ಬರೇ ಹೌದು, ಇಲ್ಲ ಎನ್ನುವುದಲ್ಲ. ಇವನು ವಿದ್ಯಾರ್ಥಿ, ಈ ದಾರಿಗೆ ಬಿಡು; ಇವರು ಲೆಕ್ಕಪತ್ರ ವಿಭಾಗದವರು, ಆ ದಾರಿಗೆ ಬಿಡು ಎಂದೂ ಹೇಳಬಲ್ಲದು. ಪೆಟ್ಟಿಗೆ ಒಂದೇ ಆದರೂ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಅಂಕಪಟ್ಟಿಯ ಕಂಪ್ಯೂಟರು ಕಾಣದಿರುವುದು ಹೀಗೆ.

ಇದರ ಚೆಂದದ ವಿಸ್ತರಣೆ 'ಎಜುರೋಮ್'. ಹಾಲೆಂಡಿನ ಸರ್ಫ್‌ನೆಟ್ ಸಂಸ್ಥೆಯ ಕ್ಲಾಸ್ ವಿರೆಂಗಾ 2002ರಲ್ಲಿ ಮುಂದಿಟ್ಟ ಸಲಹೆ ಇದು. ಈ ಕೂಟದ ಒಂದು ಕಾಲೇಜಿನ ಹುಡುಗಿ ಕೂಟದಲ್ಲಿರುವ ಇನ್ನೊಂದು ದೇಶದ ವಿಶ್ವವಿದ್ಯಾಲಯಕ್ಕೆ ಹೋದರೂ ತನ್ನ ಕಾಲೇಜಿನ ಹೆಸರಿನಲ್ಲೇ ಸಂಪರ್ಕ ಪಡೆಯಬಹುದು. ಅಲ್ಲಿನ ಪೆಟ್ಟಿಗೆ ಅವಳ ಕಾಲೇಜನ್ನೇ ಕೇಳಿ ಬರುತ್ತದೆ. ಪಾಸ್‌ವರ್ಡು ಮುಚ್ಚಿದ ಲಕೋಟೆಯಲ್ಲಿ ಹೋಗುವುದರಿಂದ ನಡುವಿನವರು ಓದಲಾರರು. ಭಾರತದಲ್ಲಿ ಇದರ ಉಸ್ತುವಾರಿ ಅರ್ನೆಟ್ ಸಂಸ್ಥೆಯದು. 1986ರಲ್ಲಿ ಅರ್ನೆಟ್ ಆರಂಭವಾದಾಗ ಜೊತೆಗಿದ್ದ ಎಂಟು ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು.

ಇನ್ನು ಹೆತ್ತವರು ಕೇಳದೆ ಬಿಡದ ಮಾತು: ಮಕ್ಕಳು ನೋಡುವುದೆಲ್ಲ ಕಾಲೇಜಿಗೆ ಗೊತ್ತಾಗುತ್ತದೆಯೇ? ಎಲ್ಲವೂ ಇಲ್ಲ. ಯಾರ ಹೆಸರಿನಲ್ಲಿ, ಯಾವ ಫೋನು, ಎಷ್ಟು ಹೊತ್ತಿಗೆ, ಯಾವ ಕಟ್ಟಡದಲ್ಲಿ ಎಂಬುದು ದಾಖಲಾಗುತ್ತದೆ. ಯಾವ ತಾಣಕ್ಕೆ ಹೋದರು ಎಂಬುದೂ ಹಲವು ಬಾರಿ ತಿಳಿಯುತ್ತದೆ. ವಾಟ್ಸಾಪಿನಲ್ಲಿ ಅಮ್ಮನಿಗೆ ಏನು ಬರೆದರು ಎಂಬುದು ತಿಳಿಯದು. ಕುಂದಾಪುರಕ್ಕೆ ಬಂದು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದವರಿಗೆ ಇದು ಹೊಸತಲ್ಲ. 2011ರ ನಿಯಮದಂತೆ ಕೆಫೆಯವರು ಗುರುತಿನ ಚೀಟಿ ನೋಡಿ, ಬಂದವರ ದಾಖಲೆಯನ್ನು ವರ್ಷವಾದರೂ ಇಡಬೇಕಿತ್ತು. ಏಪ್ರಿಲ್ 2022ರಲ್ಲಿ ಕೇಂದ್ರದ ಸೆರ್ಟ್-ಇನ್ ಹೊರಡಿಸಿದ ಆದೇಶ ಸಂಸ್ಥೆಗಳ ಕಂಪ್ಯೂಟರ್ ದಾಖಲೆಗಳನ್ನು 180 ದಿನ ಕಾದಿಡಬೇಕೆನ್ನುತ್ತದೆ.

ಅಪಾಯ ಇರುವುದು ಇಲ್ಲಿಯೇ. "ನಂದು ಡೇಟಾ ಮುಗೀತು, ಒಂದು ರಾತ್ರಿಗೆ ನಿನ್ನ ಪಾಸ್‌ವರ್ಡು ಕೊಡು ಮಾರಾಯ" ಎಂದು ರೂಮ್‌ಮೇಟ್ ಕೇಳುತ್ತಾನೆ. ಇಲ್ಲವೆಂದರೆ ಸ್ನೇಹ ಕೆಡುತ್ತದೆ ಎಂಬ ಅಳುಕು. ಆದರೆ ಅವನು ಆ ರಾತ್ರಿ ಯಾರಿಗಾದರೂ ಕೆಟ್ಟದ್ದು ಕಳಿಸಿದರೆ ಪುಸ್ತಕದಲ್ಲಿ ನಿಲ್ಲುವ ಹೆಸರು ಕೊಟ್ಟವನದು. 'ನಾನಲ್ಲ' ಎಂದು ನಂಬಿಸುವ ಹೊರೆಯೂ ಅವನ ತಲೆಗೇ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ 3 ವರ್ಷದ ತನಕ ಸಜೆ, 1 ಲಕ್ಷ ರೂಪಾಯಿ ತನಕ ದಂಡ ಇದೆ ನಿಜ. ಅದು ಸಾಬೀತಾಗುವಷ್ಟರಲ್ಲಿ ಸೆಮಿಸ್ಟರೇ ಮುಗಿದಿರಬಹುದು. ಸಾಲದ್ದಕ್ಕೆ ಅನೇಕ ಕಡೆ ಅದೇ ಪಾಸ್‌ವರ್ಡು ಇಮೇಲಿಗೂ ಫಲಿತಾಂಶಕ್ಕೂ ಲೈಬ್ರರಿಗೂ ಬೀಗದ ಕೈ.

ಕಾಲೇಜುಗಳ ಕಡೆಯ ಲೋಪವನ್ನೂ ಹೇಳಬೇಕು. ಯಂತ್ರ ಎಷ್ಟೇ ಜಾಣವಾದರೂ ಆಫೀಸಿನವರು ಹೆಸರು ತೆಗೆಯದಿದ್ದರೆ ಎರಡು ವರ್ಷದ ಹಿಂದೆ ಪಾಸಾಗಿ ಹೋದವನೂ ಪುಸ್ತಕದಲ್ಲಿ ವಿದ್ಯಾರ್ಥಿಯೇ. ಹೆಸರು ತೆಗೆದರೂ ಆಗಲೇ ಒಳಗಿದ್ದವನ ಸಂಪರ್ಕ ತಕ್ಷಣ ಕಡಿಯಬೇಕಾದರೆ ಅದಕ್ಕೆ ಬೇರೆ ಏರ್ಪಾಟು ಮಾಡಿರಬೇಕು. ಅಡ್ಮಿಷನ್ ದಿನ ಹಾಸ್ಟೆಲ್ ಊಟದ ಬಗ್ಗೆ ವಿಚಾರಿಸುವ ಹೆತ್ತವರು ಇದನ್ನೂ ಒಂದು ಮಾತು ಕೇಳಬಹುದು.

ಮೊದಲ ಸಲ ಸೇರುವಾಗ ಫೋನು 'ಈ ಸರ್ವರನ್ನು ನಂಬಬಹುದೇ?' ಎಂದು ಕೇಳುತ್ತದೆ. ಕಣ್ಣು ಮುಚ್ಚಿ ಒತ್ತಬೇಡಿ; ಅದೇ ಹೆಸರಿನ ನಕಲಿ ವೈಫೈಯನ್ನು ಯಾರು ಬೇಕಾದರೂ ಹಾಕಬಹುದು. ಕಾಲೇಜು ಕೊಟ್ಟ ಸೂಚನೆಯಲ್ಲಿರುವ ಸರ್ವರಿನ ಹೆಸರಿಗೆ ತಾಳೆ ನೋಡಬೇಕು. ಫೋನು ಬಸ್ಸಿನಲ್ಲಿ ಕಳೆದುಹೋದರೆ ಮನೆಗೆ ತಿಳಿಸುವ ಮೊದಲು ಕಾಲೇಜಿನ ಕಂಪ್ಯೂಟರ್ ಕೇಂದ್ರಕ್ಕೆ ತಿಳಿಸಿ ಪಾಸ್‌ವರ್ಡು ಬದಲಿಸಿಕೊಳ್ಳುವುದು ಒಳ್ಳೆಯದು. ಅಮ್ಮನ ಬೈಗುಳ ಅರ್ಧ ಗಂಟೆ ತಡವಾದರೆ ನಷ್ಟವೇನಿಲ್ಲ.