ಸಣ್ಣ ನಾಳದ ಸುದ್ದಿ

ಬಸ್ ನಿಲ್ದಾಣದ ಶೌಚಾಲಯದಲ್ಲಿ, ರೈಲು ಹಳಿ ಪಕ್ಕದ ಕಾಂಪೌಂಡಿನ ಮೇಲೆ ‘ನರದೌರ್ಬಲ್ಯಕ್ಕೆ ಖಚಿತ ಚಿಕಿತ್ಸೆ’ ಎಂಬ ಬರಹ ನೋಡದವರು ಕಡಿಮೆ. ಈ ‘ನರ’ ಎಂಬ ಪದವನ್ನು ಗಮನಿಸಿ. ರಕ್ತ ತೆಗೆಯಲು ಬಂದ ನರ್ಸಮ್ಮ ತೋಳು ತಟ್ಟಿ, “ನರ ಸಿಗ್ತಿಲ್ಲ, ಮುಷ್ಟಿ ಬಿಗಿ ಹಿಡೀರಿ” ಅನ್ನುತ್ತಾರೆ. ಅವರು ಹುಡುಕುತ್ತಿರುವುದು ರಕ್ತನಾಳ. ಆಡುಮಾತಿನಲ್ಲಿ ನಮಗೆ ಸಂದೇಶ ಒಯ್ಯುವ ತಂತು, ರಕ್ತ ಒಯ್ಯುವ ನಾಳ ಎರಡೂ ನರವೇ. ಗೋಡೆಯ ಮೇಲಿನ ನರವನ್ನೂ ನರ್ಸಮ್ಮನ ಅರ್ಥದಲ್ಲೇ ಓದಿಕೊಂಡರೆ ಸತ್ಯಕ್ಕೆ ಹತ್ತಿರವಾಗುತ್ತೇವೆ. ನಲವತ್ತು ದಾಟಿದ ಗಂಡಸರಲ್ಲಿ ಶಿಶ್ನ ನಿಮಿರದಿದ್ದರೆ, ನಿಮಿರಿದರೂ ಹೆಚ್ಚು ಹೊತ್ತು ಉಳಿಯದಿದ್ದರೆ, ಬಹಳಷ್ಟು ಸಲ ಅದರ ಮೂಲ ರಕ್ತನಾಳದಲ್ಲಿರುತ್ತದೆ.

ನಿಮಿರುವುದೆಂದರೆ ಸ್ನಾಯು ಬಿಗಿಯುವುದು ಎಂದುಕೊಂಡವರೇ ಹೆಚ್ಚು. ಆಗುವುದು ತದ್ವಿರುದ್ಧ. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಮಾಮೂಲು ಹೊತ್ತಿನಲ್ಲಿ ಅಲ್ಲಿನ ಸ್ನಾಯು ಬಿಗಿಯಾಗಿದ್ದು, ರಕ್ತವನ್ನು ಹೆಚ್ಚು ಒಳಬಿಡುವುದಿಲ್ಲ. ಕಾಮನೆ ಎದ್ದಾಗ ನರದ ತುದಿಗಳಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊಮ್ಮುತ್ತದೆ. ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ, ರಕ್ತ ನುಗ್ಗಿ ಸ್ಪಂಜು ಉಬ್ಬುತ್ತದೆ. ಉಬ್ಬಿದ ಸ್ಪಂಜು ರಕ್ತ ಹೊರಹೋಗುವ ಸಿರೆಗಳನ್ನು ಸುತ್ತಲಿನ ಗಟ್ಟಿ ಪೊರೆಗೆ ಅದುಮಿ ಹಿಡಿಯುತ್ತದೆ. ಕೆರೆಗೆ ನೀರು ಬಿಟ್ಟು ತೂಬು ಮುಚ್ಚಿದ ಹಾಗೆ.

ಈ ಒಳಪದರ ಒಂದೇ ಒಂದು ಜೀವಕೋಶದಷ್ಟು ದಪ್ಪ. ಅದಕ್ಕೊಂದು ಕೆಲಸವಿದೆ ಎಂದು ತೋರಿಸಿಕೊಟ್ಟವರು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್. ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ ಅವರು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದಾಗ ಕೆಲವು ಪಟ್ಟಿಗಳು ಸಡಿಲವಾದವು, ಕೆಲವು ಆಗಲಿಲ್ಲ. ಮದ್ದು ಅದೇ, ಮೊಲದ ನಾಳವೂ ಅದೇ. ಹುಡುಕಿದಾಗ ತಿಳಿದದ್ದು ಇಷ್ಟು: ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋದ ಪಟ್ಟಿಗಳು ಸಡಿಲಗೊಳ್ಳುತ್ತಿರಲಿಲ್ಲ. 1980ರಲ್ಲಿ ಪ್ರಕಟವಾದ ಈ ಸಂಗತಿ ನೈಟ್ರಿಕ್ ಆಕ್ಸೈಡಿನವರೆಗೆ ಕರೆದೊಯ್ದಿತು. 1998ರಲ್ಲಿ ಅವರಿಗೆ ಲೂಯಿ ಇಗ್ನಾರೊ, ಫೆರಿದ್ ಮುರಾದ್ ಜೊತೆ ನೊಬೆಲ್ ಬಂತು. ನಿಮಿರುವಿಕೆಯ ಮಾತ್ರೆ ವಯಾಗ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಔಷಧ ಅದು! ಹೃದಯಕ್ಕೂ ಶಿಶ್ನಕ್ಕೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

ಬೀಡಿ ಸಿಗರೇಟಿನ ಹೊಗೆ, ಹತೋಟಿ ತಪ್ಪಿದ ಶುಗರ್, ಏರಿದ ಬಿಪಿ, ಕೊಲೆಸ್ಟ್ರಾಲ್ ಎಲ್ಲವೂ ಈ ಒಳಪದರವನ್ನು ಕೆಡಿಸುತ್ತವೆ. ಕೆಡಿಸುವುದು ಒಂದು ಕಡೆ ಮಾತ್ರವಲ್ಲ, ಮೈಯ ಎಲ್ಲ ನಾಳಗಳಲ್ಲೂ. ಹಾಗಿದ್ದರೆ ಮೊದಲು ಗೊತ್ತಾಗುವುದೆಲ್ಲಿ? ಶಿಶ್ನದ ಅಪಧಮನಿಯ ಅಗಲ 1ರಿಂದ 2 ಮಿಲಿಮೀಟರ್, ಹೃದಯಕ್ಕೆ ರಕ್ತ ಕೊಡುವ ನಾಳದ್ದು 3ರಿಂದ 4. ದೊಡ್ಡ ನಾಳದಲ್ಲಿ ಕಿರಿಕಿರಿಯನ್ನೂ ಮಾಡದಷ್ಟು ಕೊಬ್ಬು ಸಣ್ಣ ನಾಳದಲ್ಲಿ ಹರಿವನ್ನೇ ತಗ್ಗಿಸಬಲ್ಲದು. ಈ ವಾದ ಮುಂದಿಟ್ಟವರು ಇಟಲಿಯ ವೈದ್ಯ ಮಾಂಟೋರ್ಸಿ ಮತ್ತು ಸಂಗಡಿಗರು. ಎದೆನೋವಿನಿಂದ ಬಂದ, ಹೃದಯದ ನಾಳ ಕಟ್ಟಿಕೊಂಡಿದ್ದ 300 ಮಂದಿಯನ್ನು ಅವರು ವಿಚಾರಿಸಿದಾಗ ಸುಮಾರು ಅರ್ಧದಷ್ಟು ಜನರಿಗೆ ನಿಮಿರುವಿಕೆಯ ತೊಂದರೆಯಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಅದು ಎದೆನೋವಿಗಿಂತ ಮೊದಲೇ ಶುರುವಾಗಿತ್ತು, ಸರಾಸರಿ ಮೂರು ವರ್ಷಕ್ಕೂ ಮುಂಚೆ.

ಆ ಮೂರು ವರ್ಷವೇ ನನ್ನನ್ನು ಕಾಡುವುದು. ನಮ್ಮಲ್ಲಿ ಅದು ಎಲ್ಲಿ ಹೋಗುತ್ತದೆ? ಹೆಂಡತಿಗೂ ಹೇಳದೆ ನುಂಗಿಕೊಳ್ಳುವುದರಲ್ಲಿ, ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡುವುದರಲ್ಲಿ, ಲೇಹ್ಯದ ಡಬ್ಬಿ ಬಚ್ಚಿಡುವುದರಲ್ಲಿ. ಗಂಡಸುತನದ ಪ್ರಶ್ನೆ ಎಂದುಕೊಂಡವನು ಬಿಪಿ ಪಟ್ಟಿ ಸುತ್ತಿಸಿಕೊಳ್ಳಲು ಹೋಗುವುದಿಲ್ಲ.

ಎಲ್ಲವೂ ನಾಳದ್ದೇ ಅಲ್ಲ, ನಿಜ. ಚಿಂತೆ, ಖಿನ್ನತೆ, ಕೆಲವು ಬಿಪಿ ಮಾತ್ರೆಗಳು, ಹಾರ್ಮೋನಿನ ಕೊರತೆಯಿಂದಲೂ ಬರಬಹುದು. ಬೆಳಗಿನ ಜಾವ ತಾನಾಗಿ ನಿಮಿರುವುದು ಮೊದಲಿನಂತೆಯೇ ಇದ್ದು, ಸಂಗಾತಿಯ ಜೊತೆ ಮಾತ್ರ ಆಗದಿದ್ದರೆ ಕಾರಣ ಹೆಚ್ಚಾಗಿ ಮನಸ್ಸಿನದು. ಅದೂ ನಿಧಾನವಾಗಿ ಕಡಿಮೆಯಾಗುತ್ತ ಬಂದರೆ ನಾಳದ ಅನುಮಾನ ಬಲವಾಗುತ್ತದೆ. ಬ್ರಿಟನ್ನಿನ ವೈದ್ಯರು ಹೃದಯದ ಅಪಾಯ ಲೆಕ್ಕ ಹಾಕುವ ಸೂತ್ರದಲ್ಲಿ 2017ರಿಂದ ಈ ತೊಂದರೆಯೂ ಸೇರಿದೆ. ನಮ್ಮೂರಿನ ಡಾಕ್ಟರ ಹತ್ತಿರ ಒಂದು ವಾಕ್ಯ ಹೇಳಿದರೂ ಸಾಕು; ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡುವುದರಿಂದ ಕೆಲಸ ಶುರುವಾಗುತ್ತದೆ. 2004ರಲ್ಲಿ ಪ್ರಕಟವಾದ ಇಟಲಿಯ ಇನ್ನೊಂದು ಅಧ್ಯಯನದಲ್ಲಿ, ಊಟ ತಿದ್ದಿಕೊಂಡು, ನಡೆದು, ತೂಕ ಇಳಿಸಿದ ಸ್ಥೂಲಕಾಯರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಎರಡು ವರ್ಷದಲ್ಲಿ ಶಕ್ತಿ ಮರಳಿತ್ತು.

ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ವಯಾಗ್ರದಂಥ ಮಾತ್ರೆ ತರುವವರಿಗೆ ಒಂದು ಮಾತು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯೂ ಇದೇ ನೈಟ್ರಿಕ್ ಆಕ್ಸೈಡಿನ ದಾರಿಯಲ್ಲೇ ನಾಳ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯಬಹುದು. ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆ, ಅದೇ ಬಗೆಯ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವ ಹಾಗಿಲ್ಲ. ಕೆಲವು ‘ಗಿಡಮೂಲಿಕೆ’ ಮಾತ್ರೆಗಳಲ್ಲೂ ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದು ಪತ್ತೆಯಾಗಿದೆ. ಆದ್ದರಿಂದ ನಡುರಾತ್ರಿ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದಾಗ, ಮಗ ಪಕ್ಕದಲ್ಲಿ ನಿಂತಿದ್ದರೂ ಸರಿ, ಏನು ನುಂಗಿದ್ದೀರಿ, ಎಷ್ಟು ಹೊತ್ತಿಗೆ ನುಂಗಿದ್ದೀರಿ ಎಂಬುದನ್ನು ಡ್ಯೂಟಿ ಡಾಕ್ಟರಿಗೆ ಮೊದಲು ಹೇಳಿ.